ಕಾಂಡಕೋಶ ಅವರದೇ, ಆದರೂ ನಾವು ಬೇಕು

‘ಕ್ಯಾನ್ಸರ್ ಆದವರ ರಕ್ತದಿಂದಲೇ ಕಾಂಡಕೋಶ ತೆಗೆದು ಅವರಿಗೇ ವಾಪಸ್ ಹಾಕ್ತಾರಂತೆ. ಮತ್ತೆ ಬೇರೆಯವರ ರಕ್ತ ಯಾಕೆ?’ ಮೇಲೂರಿನಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಿದೆ. ಕೇಳಿದವರಿಗೆ ಅರ್ಧ ವಿಷಯ ಸರಿಯಾಗಿಯೇ ಗೊತ್ತಿತ್ತು. ಉಳಿದರ್ಧ ತಿಳಿದರೆ ನಮ್ಮ ಕಾಲೇಜು ಮಾಡಬೇಕಾದ ಕೆಲಸವೂ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅವನ್ನು ಹುಟ್ಟಿಸುವ ಮೂಲ ಕೋಶಗಳೇ ಕಾಂಡಕೋಶಗಳು. ಮೈಲೋಮಾ, ಲಿಂಫೋಮಾದಂಥ ಕ್ಯಾನ್ಸರ್‌ನಲ್ಲಿ ಕೆಲವರಿಗೆ ಬಹಳ ಹೆಚ್ಚಿನ ಪ್ರಮಾಣದ ಔಷಧಿ ಕೊಡುತ್ತಾರೆ. ಅದು ಕ್ಯಾನ್ಸರ್ ಜೊತೆಗೆ ಮಜ್ಜೆಯನ್ನೂ ಹಾಳುಮಾಡುತ್ತದೆ. ಆದ್ದರಿಂದ ರೈತರು ಬಿತ್ತನೆ ರಾಗಿ ಎತ್ತಿಡುವ ಹಾಗೆ, ಮೊದಲೇ ರೋಗಿಯ ಕಾಂಡಕೋಶ ತೆಗೆದಿಡುತ್ತಾರೆ.

ಇದಕ್ಕೆ ಮೂಳೆಗೆ ಸೂಜಿ ಚುಚ್ಚಬೇಕಿಲ್ಲ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟರೆ ಕಾಂಡಕೋಶಗಳು ಮಜ್ಜೆ ಬಿಟ್ಟು ರಕ್ತಕ್ಕೆ ಬರುತ್ತವೆ. ಆಮೇಲೆ ರೋಗಿಯನ್ನು ಅಫೆರೆಸಿಸ್ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರ ರಕ್ತವನ್ನು ಗಿರ್ರನೆ ತಿರುಗಿಸುತ್ತದೆ. ಕಡೆದ ಮೊಸರಿನಲ್ಲಿ ಬೆಣ್ಣೆ ಬೇರೆಯಾಗುವಂತೆ ಕಾಂಡಕೋಶಗಳಿರುವ ಪದರ ಬೇರೆಯಾಗುತ್ತದೆ, ಉಳಿದ ರಕ್ತ ಮೈಗೆ ಹಿಂತಿರುಗುತ್ತದೆ. ಒಂದು ಸಲಕ್ಕೆ ನಾಲ್ಕೈದು ಗಂಟೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ಇಳಿದು ತುಟಿ, ಬೆರಳು ಜುಮ್ಮೆನ್ನಬಹುದು. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಕಾಂಡಕೋಶ ಸಿಗಬೇಕು. ಸಿಗದಿದ್ದರೆ ಮರುದಿನ ಮತ್ತೆ ಕೂರಬೇಕು.

ಔಷಧಿ ಕೊಟ್ಟ ಮೇಲೆ ಆ ಕೋಶಗಳನ್ನು ರಕ್ತನಾಳದ ಮೂಲಕ ವಾಪಸ್ ಕೊಡುತ್ತಾರೆ. ಆದರೆ ಬಿತ್ತಿದ ದಿನವೇ ಪೈರು ಬರುವುದಿಲ್ಲ. ಅವು ಮಜ್ಜೆ ಸೇರಿ ಹೊಸ ರಕ್ತಕಣ ಕೊಡಲು ಸುಮಾರು 10ರಿಂದ 14 ದಿನ ಬೇಕು. ಅಷ್ಟರಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದರೆ ರಕ್ತಸ್ರಾವ ಆಗಬಹುದು. ಆ ದಿನಗಳನ್ನು ರೋಗಿ ದಾಟುವುದು ಬೇರೆಯವರು ಕೊಟ್ಟ ಪ್ಲೇಟ್‌ಲೆಟ್‌ನಿಂದ. ಅದನ್ನು ರಕ್ತನಿಧಿಯಲ್ಲಿ ತಿಂಗಳುಗಟ್ಟಲೆ ಇಡಲಾಗದು, ಅದರ ಆಯುಷ್ಯ ಐದೇ ದಿನ. ಅಂದರೆ ಬೇಕಾದಾಗ ಮನುಷ್ಯರೇ ಸಿಗಬೇಕು.

ಭಾರತದಲ್ಲಿ ಅಸ್ಥಿಮಜ್ಜೆ ಕಸಿ ಶುರುವಾದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ನಮ್ಮ ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಸಂಸ್ಥೆಯಲ್ಲೂ 2022ರಲ್ಲಿ ಇದಕ್ಕೆ ಘಟಕ ಆರಂಭವಾಯಿತು. ರೇಷ್ಮೆ ಬಿಚ್ಚುವವರ, ಕೂಲಿಯವರ ಮನೆಗಳಿಗೂ ಈ ಚಿಕಿತ್ಸೆ ಹತ್ತಿರ ಬರುತ್ತಿದೆ. ಯಂತ್ರವನ್ನು ಸರ್ಕಾರ ತರಬಹುದು, ದಾನಿಯನ್ನು ನಾವೇ ಕಳಿಸಬೇಕು. ಊರಿಂದ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ಕೂತ ಹೆಂಡತಿಯೋ ಮಗನೋ ಆ ದಿನಗಳಲ್ಲಿ ಎಷ್ಟು ಜನರಿಗೆ ಫೋನ್ ಮಾಡಿಯಾರು?

ರಕ್ತದಾನಕ್ಕೆ 18 ವರ್ಷ ತುಂಬಿರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ವಯಸ್ಸಾಗಿಲ್ಲ, ನಿಜ. ಆದರೆ ಪಟ್ಟಿ ಬರೆಯಲು ವಯಸ್ಸು ಬೇಕಿಲ್ಲ. ಪ್ರತಿಯೊಬ್ಬರೂ ಮನೆಯ ಅಬ್ಬಾ, ಭಾಯಿ, ಆಪಾ, ಅಕ್ಕಪಕ್ಕದವರನ್ನು ಕೇಳಿ, ಒಪ್ಪಿದವರ ರಕ್ತದ ಗುಂಪು ಮತ್ತು ನಂಬರ್ ತಂದರೆ ಕಾಲೇಜಿನಲ್ಲಿ ಒಂದು ಪುಸ್ತಕ ಸಿದ್ಧವಾಗುತ್ತದೆ. ರಂಜಾನ್ ತಿಂಗಳಲ್ಲಿ ರೋಜಾ ಇರುವವರ ಬದಲು ಹಿಂದೂ ಗೆಳೆಯರ ಮನೆಯವರು ಹೋಗಲಿ, ದಸರಾ, ದೀಪಾವಳಿಯಲ್ಲಿ ನಮ್ಮವರು ಹೋಗಲಿ. ಹುಡುಗಿಯರು ಈಗಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಕಡಿಮೆ ಇದ್ದರೆ ದಾನಕ್ಕಿಂತ ಮೊದಲು ಅವರ ಆರೋಗ್ಯಕ್ಕೇ ಅದು ತಿಳಿಯಬೇಕು.

ಸದಕಾ ಎಂದರೆ ಹಣ ಮಾತ್ರವಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಕೊಟ್ಟ ರಕ್ತ ಯಾರ ಮೈ ಸೇರಿತು, ಅವರ ಜಾತಿ ಧರ್ಮ ಯಾವುದು ಎಂದು ಕೊಟ್ಟವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಈ ಪುಸ್ತಕದ ಮೊದಲ ಪುಟವನ್ನು ದ್ವಿತೀಯ ಪಿಯುಸಿಯವರು ಈ ತಿಂಗಳೇ ಬರೆಯೋಣ.