ತಾರಸಿಯಲ್ಲಿ ಸೋಲಾರ್ ಉಂಟು, ಬಿಲ್ ಯಾಕೆ ಇಳಿಯುವುದಿಲ್ಲ?

ನಮ್ಮ ಮನೆಯ ತಾರಸಿಗೆ ಸೋಲಾರ್ ಬಂದದ್ದು ಭಾವನ ಹಣದಿಂದ. ದಮ್ಮಾಮಿನ ಬಿಸಿಲಲ್ಲಿ ದುಡಿದು ಕಳಿಸಿದ ಹಣ. ಬಡ್ಡಿ ಸಾಲದ ಉಸಾಬರಿಯೇ ಬೇಡ, ಕೈಯಲ್ಲಿ ಇದ್ದುದರಲ್ಲೇ ಮಾಡುವ ಅಂತ ಮೂರು ಕಿಲೋವ್ಯಾಟ್‌ನದ್ದು ಹಾಕಿಸಿದೆವು. ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿಯೂ ಸಿಕ್ಕಿತು. ಇನ್ನು ಕರೆಂಟ್ ಬಿಲ್ಲಿನ ಚಿಂತೆ ಮುಗಿಯಿತು ಅಂತ ನಾವೆಲ್ಲ ನಂಬಿಕೊಂಡೆವು. ಮೂರು ತಿಂಗಳು ಕಳೆದ ಮೇಲೆ ಭಾವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬಿಲ್ ಮೊದಲಿಗಿಂತ ಜಾಸ್ತಿ ಬಂದಿದೆಯಂತಲ್ಲ, ಹಾಗಾದ್ರೆ ನಾನು ಕಳಿಸಿದ ದುಡ್ಡು ಎಂತಾಯ್ತು?" ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಒಂದು ತಪ್ಪು ಅಳವಡಿಸಿದವರದ್ದು. ಎರಡು ಕಡೆಯ ಲೆಕ್ಕ ಹಿಡಿಯುವ ಮೀಟರ್ ಬರುವ ಮೊದಲೇ ಅವರು ಸ್ವಿಚ್ ಹಾಕಿ ಹೋಗಿದ್ದರು. ಹಳೆಯ ಮೀಟರಿಗೆ ನಾವು ಹೊರಗೆ ಕಳಿಸಿದ ಕರೆಂಟನ್ನು ಕಳೆಯಲು ಬರುವುದಿಲ್ಲ. ಕೆಲವು ಮೀಟರ್‌ಗಳು ಅದನ್ನೂ ನಾವೇ ಬಳಸಿದ್ದೆಂದು ಸೇರಿಸಿಬಿಡುತ್ತವೆ. ಹೊಸದಾಗಿ ಹಾಕಿಸುವವರು ದಯವಿಟ್ಟು ಇದನ್ನು ಮೊದಲು ವಿಚಾರಿಸಿ, ಮೀಟರ್ ಬದಲಾಗುವವರೆಗೆ ಆನ್ ಮಾಡಲು ಬಿಡಬೇಡಿ.

ಆದರೆ ದೊಡ್ಡ ತಪ್ಪು ನಮ್ಮದೇ. "ಸೋಲಾರ್ ಉಂಟಲ್ಲ" ಎಂಬ ಮಾತು ಮನೆಯೊಳಗೆ ಹೊಕ್ಕಿತು ನೋಡಿ, ಅದೇ ರೋಗ. ಬೇಸಿಗೆಗೆ ಎರಡು ಎಸಿ ಬಂತು. ಲೆಕ್ಕ ಹಾಕಿ: ಮೂರು ಕಿಲೋವ್ಯಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತದೆ, ತಿಂಗಳಿಗೆ 360. ನಮ್ಮ ಮೊದಲಿನ ಬಳಕೆ 250. ಒಂದೂವರೆ ಟನ್ನಿನ ಎಸಿ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಎರಡು ಎಸಿ, ರಾತ್ರಿ ಎಂಟೆಂಟು ಗಂಟೆ ಎಂದರೆ ತಿಂಗಳಿಗೆ 480. ಒಟ್ಟು 730. ಅದರಲ್ಲಿ 360 ಕಳೆದರೂ 370 ಯೂನಿಟ್‌ಗೆ ಹಣ ಕಟ್ಟಬೇಕು. ಸೋಲಾರ್ ಇಲ್ಲದಾಗ 250ಕ್ಕೆ ಕಟ್ಟುತ್ತಿದ್ದವರು ಸೋಲಾರ್ ಬಂದ ಮೇಲೆ 370ಕ್ಕೆ ಕಟ್ಟಿದೆವು! ಇದಕ್ಕೆ ಇಸ್ರಾಫ್ ಎನ್ನದೆ ಬೇರೆ ಯಾವ ಹೆಸರು ಕೊಡುವುದು?

ಪರಿಹಾರ ಕೇಳಿದರೆ ಎಲ್ಲರೂ ಹೇಳುವುದು ಒಂದೇ, "ಎಲ್ಲ ಕೆಲಸ ಹಗಲಿನಲ್ಲೇ ಮಾಡಿ." ಉಮ್ಮ ಪಾಪ, ಇಸ್ತ್ರಿ, ವಾಷಿಂಗ್ ಮೆಷಿನ್, ಪಂಪು ಎಲ್ಲವನ್ನೂ ಲುಹರಿನ ಮೊದಲೇ ಮುಗಿಸಲು ಓಡಾಡಿ ಸುಸ್ತಾದರು. ಬ್ಯಾಟರಿ ಇಟ್ಟುಕೊಂಡು ಮನೆಗೆ ಮಾತ್ರ ಕರೆಂಟ್ ಕೊಡುವ ಹಳೆಯ ವ್ಯವಸ್ಥೆ ಇರುವವರಿಗೆ ಆ ಮಾತು ಸರಿ. ಅವರು ಬೆಳಿಗ್ಗೆ 10ರಿಂದ 3ರ ಒಳಗೆ ಭಾರದ ಕೆಲಸ ಮುಗಿಸಿದರೆ ಬ್ಯಾಟರಿಯೂ ಬಾಳುತ್ತದೆ. ಆದರೆ ನಮ್ಮಂತೆ ನೆಟ್ ಮೀಟರ್ ಇರುವವರಿಗೆ ಹಗಲು ಹೊರಗೆ ಹೋದ ಯೂನಿಟ್ಟನ್ನು ರಾತ್ರಿ ತೆಗೆದುಕೊಂಡ ಯೂನಿಟ್ಟಿನಿಂದ ಕಳೆಯುತ್ತಾರೆ, ತಿಂಗಳ ಕೊನೆಗೆ ಉಳಿದದ್ದಕ್ಕೆ ಬಿಲ್. ಇಸ್ತ್ರಿ ಹಗಲು ಹಾಕಿದರೂ ರಾತ್ರಿ ಹಾಕಿದರೂ ಲೆಕ್ಕ ಒಂದೇ. ಇಲ್ಲಿ ಗಡಿಯಾರ ನೋಡಿ ಪ್ರಯೋಜನವಿಲ್ಲ, ಒಟ್ಟು ಯೂನಿಟ್ಟೇ ಇಳಿಯಬೇಕು.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಮಾರ್ಚ್, ಏಪ್ರಿಲ್‌ನ ಬಿಸಿಲು ಬೇರೆ, ಆಟಿ ತಿಂಗಳ ಆಕಾಶ ಬೇರೆ. ಮಳೆಗಾಲದಲ್ಲಿ ಉತ್ಪಾದನೆ ಅರ್ಧಕ್ಕೂ ಕೆಳಗಿಳಿಯುವ ದಿನಗಳು ಎಷ್ಟೋ. ಬಿಸಿಲಿನ ತಿಂಗಳಲ್ಲಿ ಮಿಕ್ಕಿದ ಯೂನಿಟ್‌ಗೆ ನಮಗೆ ಸಿಗುವ ದರ ಕಡಿಮೆ, ಮಳೆಯಲ್ಲಿ ನಾವು ಕೊಳ್ಳುವ ದರ ಹೆಚ್ಚು. ಹಾಗಾಗಿ ಬೇಸಿಗೆಯಲ್ಲಿ ಮಾರಿ ಮಳೆಗಾಲಕ್ಕೆ ಸರಿದೂಗಿಸುತ್ತೇವೆ ಎಂಬ ಲೆಕ್ಕ ಹುಸಿ. ಇನ್ನು ನಿಗದಿತ ಶುಲ್ಕ ಎಂಬುದು ಮಂಜೂರಾದ ಲೋಡಿನ ಮೇಲೆ ಬರುವುದು. ಒಂದು ಯೂನಿಟ್ ಬಳಸದಿದ್ದರೂ ಅದನ್ನು ಕಟ್ಟಲೇಬೇಕು. ಗಾಳಿಮಳೆಗೆ ಹಗಲಲ್ಲಿ ಲೈನ್ ಹೋದರೆ ಬ್ಯಾಟರಿ ಇಲ್ಲದ ಸೋಲಾರೂ ನಿಂತುಬಿಡುತ್ತದೆ. ಲೈನಿನಲ್ಲಿ ಕೆಲಸ ಮಾಡುವವನ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು, ಅದನ್ನು ದೂರುವಂತಿಲ್ಲ.

ನಾವು ಮಾಡಿದ್ದು ಇಷ್ಟು. ಒಂದು ಎಸಿ ಬಂದ್ ಮಾಡಿ ಮಕ್ಕಳನ್ನೆಲ್ಲ ಒಂದೇ ಕೋಣೆಗೆ ಹಾಕಿದೆವು. ಎರಡು ದಿನ ಜಗಳ, ಮೂರನೇ ದಿನ ಅವರಿಗೇ ಖುಷಿ. ಉಳಿದ ಎಸಿಯನ್ನು 20ರಿಂದ 26 ಡಿಗ್ರಿಗೆ ಏರಿಸಿ ಫ್ಯಾನ್ ಜೊತೆಗಿಟ್ಟೆವು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದವರೇ ಹೇಳುತ್ತಾರೆ. 75 ವ್ಯಾಟ್‌ನ ಹಳೆಯ ಫ್ಯಾನ್ ಇದ್ದ ಕಡೆ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದೆವು. ಎಲ್ಲ ಕೋಣೆಗೂ ಅಲ್ಲ, ಹಗಲಿರುಳು ತಿರುಗುವ ಮೂರಕ್ಕೆ ಮಾತ್ರ. ಅತಿಥಿ ಕೋಣೆಯ ಫ್ಯಾನ್ ಬದಲಿಸಿದರೆ ಆ ಹಣ ಯಾವಾಗ ವಾಪಸ್ ಬರುವುದು ಮಾರಾಯ್ರೆ?

ಸ್ನಾನದ ನೀರಿನದ್ದು ಬೇರೆಯೇ ಕತೆ. 15 ಲೀಟರಿನ ಗೀಸರ್ ಒಮ್ಮೆ ಕಾಯಲು ಅರ್ಧ ಯೂನಿಟ್ ಬೇಕು. ಏಳೆಂಟು ಜನರ ಮನೆಯಲ್ಲಿ ತಿಂಗಳಿಗೆ ನೂರು ಯೂನಿಟ್ ಬಚ್ಚಲಿನಲ್ಲೇ ಹರಿದುಹೋಗುತ್ತದೆ. ನಮ್ಮ ಬಚ್ಚಲ ಹಂಡೆ ಅಲ್ಲೇ ಮೂಲೆಯಲ್ಲಿತ್ತು, ತೋಟದಲ್ಲಿ ತೆಂಗಿನ ಸಿಪ್ಪೆ, ಮಡಲು ಕೊಳೆಯುತ್ತಿತ್ತು. ಹೊಸ ಮನೆಗೆ ಹೊಗೆ ಹಿಡಿಯುತ್ತದೆ ಎಂಬ ಜಂಬದಲ್ಲಿ ಅದನ್ನು ಮರೆತಿದ್ದೆವು. ಈಗ ಉಮ್ಮನೇ ಸುಬ್‌ಹಿಗೆ ಎದ್ದು ಒಲೆ ಹಚ್ಚುತ್ತಾರೆ. ಜ್ವರ ಬಂದವರಿಗೆ ಮಾತ್ರ ಗೀಸರ್.

ತಾರಸಿ ಹತ್ತಿ ನೋಡಿದಾಗ ಇನ್ನೊಂದು ಗೊತ್ತಾಯಿತು. ಪಡುವಣದ ತೆಂಗಿನ ಗರಿಯ ನೆರಳು ಅಸರ್ ಆಗುವುದಕ್ಕೆ ಮೊದಲೇ ಎರಡು ಪ್ಯಾನೆಲ್ ಮೇಲೆ ಬೀಳುತ್ತಿತ್ತು. ಒಂದಕ್ಕೊಂದು ಸರದಲ್ಲಿ ಜೋಡಿಸಿದ ಕಾರಣ ಎರಡಕ್ಕೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಗ್ಗುತ್ತದೆ. ಮರ ಕಡಿಯುವ ಎಂದು ಕೆಲವರು ಹೇಳಿದರು. ಬಾಪ ನೆಟ್ಟ ಮರ ಅದು. ಕೊನೆಗೆ ಆ ಎರಡು ಪ್ಯಾನೆಲ್‌ಗಳನ್ನೇ ಸರಿಸಿದೆವು. ರಸ್ತೆ ಬದಿಯ ಧೂಳು, ಕಾಗೆಯ ಹಿಕ್ಕೆ ಎಲ್ಲ ಸೇರಿ ಗಾಜು ಮಂಕಾಗಿತ್ತು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಗಾಜು ಕಾಯುವ ಮೊದಲು, ಬರೀ ನೀರಿನಲ್ಲಿ ತೊಳೆದರೆ ಸಾಕು.

ಈ ನಡುವೆ ಅಳವಡಿಸಿದವರು ಫೋನ್ ಮಾಡಿ "ಇನ್ನೆರಡು ಕಿಲೋವ್ಯಾಟ್ ಸೇರಿಸಿ, ಎಲ್ಲ ಸರಿ ಆಗ್ತದೆ" ಅಂದರು. ಮೂರು ಕಿಲೋವ್ಯಾಟ್ ದಾಟಿದರೆ ಸಬ್ಸಿಡಿ ಒಂದು ರೂಪಾಯಿಯೂ ಏರುವುದಿಲ್ಲ, ಅದೇ 78,000. ಬೇಡ ಎಂದೆವು. ಹಾಗೆಯೇ, ತಿಂಗಳಿಗೆ ನೂರೋ ನೂರೈವತ್ತೋ ಯೂನಿಟ್ ಬಳಸಿ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ನೆರೆಮನೆ ನೋಡಿ ಸೋಲಾರಿಗೆ ಕೈಹಾಕುವುದು ನಮಗೆ ಸರಿ ಕಾಣುವುದಿಲ್ಲ. ಆ ಹಣದಲ್ಲಿ ಹೆಣ್ಣುಮಗಳೊಬ್ಬಳ ಕಾಲೇಜು ಫೀಸು ಆಗುತ್ತದೆ.

ನಮ್ಮಲ್ಲಿ ಹಣ ಕಳಿಸುವವರು ಒಂದು ಕಡೆ, ಕರೆಂಟ್ ಬಳಸುವವರು ಇನ್ನೊಂದು ಕಡೆ, ಬಿಲ್ ಕಟ್ಟಲು ಹೋಗುವವರು ಮತ್ತೊಬ್ಬರು. ಬಿಲ್ಲಿನಲ್ಲಿ ಏನು ಬರೆದಿದೆ ಎಂದು ಅಡುಗೆ ಮನೆಯಲ್ಲಿರುವವರಿಗೆ ಯಾರೂ ಹೇಳಿಕೊಡುವುದಿಲ್ಲ. ಈಗ ನಮ್ಮಲ್ಲಿ ಬಿಲ್ ಫ್ರಿಜ್ಜಿನ ಬಾಗಿಲಲ್ಲಿ ಅಂಟಿರುತ್ತದೆ. ತಂಗಿಯೇ ಪ್ರತಿ ಜುಮಾ ದಿನ ಮೀಟರ್ ಓದಿ ಪಕ್ಕದಲ್ಲಿ ಬರೆಯುತ್ತಾಳೆ, ಫೋಟೊ ತೆಗೆದು ದಮ್ಮಾಮಿಗೂ ಕಳಿಸುತ್ತಾಳೆ. ಕಳೆದ ವಾರ ಹದಿನೈದು ಯೂನಿಟ್ ಯಾಕೆ ಏರಿತು ಎಂದು ಅವಳೇ ಹುಡುಕಿ ಹೇಳಿದಳು. ಬಾವಿಯ ಪಂಪಿನ ಫುಟ್‌ವಾಲ್ವ್ ಸೋರುತ್ತಿದೆ, ಟ್ಯಾಂಕ್ ತುಂಬಲು ಮೊದಲಿನ ಎರಡರಷ್ಟು ಹೊತ್ತು ಬೇಕಾಗುತ್ತಿದೆ. ಅದನ್ನು ಬದಲಿಸುವ ಕೆಲಸ ಇನ್ನೂ ಬಾಕಿ ಉಂಟು.