ಮಾಡಿನ ಮೇಲೊಂದು ಪ್ರದಕ್ಷಿಣೆ

ಮುಂಬೈಯ ಜೋಗೇಶ್ವರಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ‘ಗುಂಫಾ’ ಎಂದರೆ ಸಾಕು, ರಿಕ್ಷಾದವರು ಕರೆತರುತ್ತಾರೆ. ಗುಡ್ಡದ ಗುಡಿಯೆಂದರೆ ಹತ್ತಿ ಹೋಗುವುದು ನಮ್ಮ ರೂಢಿ. ಇಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಲ್ಲಿ ಇಳಿಯಬೇಕು. ನಾಲ್ಕು ಹೆಜ್ಜೆ ಒಳಗಿಟ್ಟರೆ ಹಾರ್ನಿನ ಸದ್ದು ಅಡಗಿ, ಮೈಗೆ ತಂಪು ತಾಗುತ್ತದೆ.

ಇದು 6ನೇ ಶತಮಾನದ ಶೈವ ಗುಹಾಲಯ. ಘಾರಾಪುರಿಯ ಎಲಿಫೆಂಟಾ ಗುಹೆಗಿಂತಲೂ ತುಸು ಮೊದಲಿನದು, ಕ್ರಿ.ಶ. 520–550ರ ನಡುವಿನದು ಎಂದು ಕಲಾ ಇತಿಹಾಸಕಾರ ವಾಲ್ಟರ್ ಸ್ಪಿಂಕ್ ಅಂದಾಜಿಸಿದ್ದರು. ಆ ಲೆಕ್ಕದಲ್ಲಿ, ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶ 578ರ ಶಾಸನ ಬರೆಸುವಾಗ ಇದಕ್ಕೆ ಆಗಲೇ ಕೆಲವು ದಶಕಗಳ ವಯಸ್ಸು. ನಡುವಿನ ಗರ್ಭಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು, ಸುತ್ತ ಸಾಲುಗಂಬ. ಒಳಗಿರುವ ಜೋಗೇಶ್ವರಿ ದೇವಿಯ ಹೆಸರೇ ಇಡೀ ಉಪನಗರಕ್ಕೆ ಬಂತು. ಇಂದಿಗೂ ಇಲ್ಲಿ ದೀಪ ಆರಿಲ್ಲ.

ಆದರೆ ಬಾಗಿಲವಾಡದ ಶಿಲ್ಪಗಳನ್ನು ದಿಟ್ಟಿಸಿದರೆ ಎದೆ ಹಿಂಡುತ್ತದೆ. ಪಗಡೆಯಾಡುವ ಶಿವಪಾರ್ವತಿಯರ ಮುಖ ಸವೆದಿದೆ. ಶಿಲ್ಪಗಳ ಅಂಚೆಲ್ಲ ನೆನೆದ ಬೆಲ್ಲದಂತೆ ಕರಗಿದೆ. ಇದು ನೀರಿನ ಕೆಲಸ. ಮುಂಬೈಯ ನಾಲ್ಕು ತಿಂಗಳ ಮಳೆ ಮೇಲಿನ ಗುಡ್ಡದಿಂದ ಬಿರುಕುಗಳಿಗಿಳಿದು ಗೋಡೆಯಲ್ಲಿ ಜಿನುಗುತ್ತದೆ. ಗುಡ್ಡದ ಮೇಲೂ ಸುತ್ತಲೂ ದಶಕಗಳಿಂದ ವಸತಿ ಬೆಳೆಯಿತು; ಒತ್ತುವರಿಯ ವ್ಯಾಜ್ಯ ಬಾಂಬೆ ಹೈಕೋರ್ಟಿಗೂ ಹೋಯಿತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ ಎನ್ನುತ್ತದೆ 2010ರಲ್ಲಿ ತಿದ್ದುಪಡಿಯಾದ ಕಾಯ್ದೆ. ಕಾಯ್ದೆ ಬರುವ ಮೊದಲೇ ನೆಲೆ ನಿಂತವರನ್ನು ಕಳ್ಳರಂತೆ ಕಾಣುವುದು ತಪ್ಪು. ಅವರಿಗೆ ಹತ್ತಿರದಲ್ಲೇ ಮನೆ ಕೊಟ್ಟು, ಒಪ್ಪಿಸಿ ಎಬ್ಬಿಸಬೇಕು.

ನಾನು ಒತ್ತಿ ಹೇಳಬೇಕಾದ್ದು ಇಷ್ಟೇ. ಕಟ್ಟಿದ ಗುಡಿ ಬೇರೆ, ಕೊರೆದ ಗುಡಿ ಬೇರೆ. ಕೃಷ್ಣೆಯ ಮುಳುಗಡೆಯಿಂದ ಪಾರುಮಾಡಲು ಕೂಡವೆಲ್ಲಿಯ ಸಂಗಮೇಶ್ವರ ದೇಗುಲವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಜೋಡಿಸಿದರು. ಜೋಗೇಶ್ವರಿಯನ್ನು ಹಾಗೆ ಎತ್ತಿಡಲಾಗದು. ಇಲ್ಲಿ ಗುಡ್ಡವೇ ಗೋಡೆ, ಗುಡ್ಡವೇ ಮಾಡು. ಒಮ್ಮೆ ಕರಗಿದ ಮುಖಕ್ಕೆ ಬದಲಿ ಕಲ್ಲಿಲ್ಲ.

ಹಾಗಾಗಿ ಇಂಥ ಗುಡಿಯ ಜೀರ್ಣೋದ್ಧಾರ ಗರ್ಭಗುಡಿಯ ಮುಂದೆ ಟೈಲ್ಸ್ ಹಾಕುವುದರಿಂದ ಶುರುವಾಗಬಾರದು, ನೆತ್ತಿಯ ಮೇಲಿನ ನೀರಿಗೆ ದಾರಿ ಮಾಡುವುದರಿಂದ ಶುರುವಾಗಬೇಕು. ಮಳೆಗಾಲಕ್ಕೆ ಮುನ್ನ ಮುಂಬೈಯಲ್ಲಿ ನಾಲಾ ಸಫಾಯಿ ನಡೆಯುತ್ತದೆ. ಅದೇ ಪಟ್ಟಿಯಲ್ಲಿ ಗುಹೆಯ ಮೇಲಿನ ಕಾಲುವೆಗಳೂ ಸೇರಲಿ. ಬಿರುಕು ಮುಚ್ಚುವ ಕೆಲಸ ಬಲ್ಲವರ ಕೈಯಲ್ಲೇ ಆಗಲಿ. ಸಿಕ್ಕ ಸಿಮೆಂಟು ಮೆತ್ತಿದರೆ ನೀರು ಇನ್ನೊಂದು ಕಡೆ ದಾರಿ ಹುಡುಕುತ್ತದೆ.

ಭಕ್ತರಾದ ನಮ್ಮ ಪಾಲೂ ಇದೆ. ಹಳೆಯ ಶಿಲ್ಪಕ್ಕೆ ಎಣ್ಣೆ, ಕುಂಕುಮ, ಬಣ್ಣ ಬಳಿಯದಿರೋಣ. ಕರ್ಪೂರ ಗೋಡೆಗೆ ತಾಗದಂತೆ ಬೆಳಗೋಣ. ಪೂಜೆ ನಿಲ್ಲಬೇಕಿಲ್ಲ. ಈ ಗುಹೆಗೆ ದಿನವೂ ಜನ ಬರುವುದು ಪೂಜೆಯಿಂದಲೇ, ಗೋಡೆ ಒದ್ದೆಯಾದರೆ ಮೊದಲು ಕಾಣುವುದೂ ಅವರ ಕಣ್ಣಿಗೇ.

ಅಂದು ಹೊರಬಂದವನು ಮನೆದಾರಿ ಹಿಡಿಯದೆ ಗುಡ್ಡದ ಅಂಚು ಸುತ್ತಿ ಬಂದೆ. ಮಳೆ ಬಿದ್ದರೆ ನೀರು ಎತ್ತ ಹರಿದೀತು ಎಂದು ಹುಡುಕುತ್ತ ನಡೆದೆ. ಕೊರೆದ ಗುಡಿಯ ಪ್ರದಕ್ಷಿಣೆ ಮಾಡನ್ನೂ ಸುತ್ತಿದ ಮೇಲೆಯೇ ಮುಗಿಯುವುದು.