‘ಅವಳ ಅಜ್ಜಿಯ ಕಾಲೂ ಹಂಗೇ ಇತ್ತು’: ಈ ಮಾತನ್ನು ಡಾಕ್ಟರಿಗೂ ಹೇಳೋಣ

ನಮ್ಮ ಬಾಗೂರಿನ ಕಡೆ ಹೆಂಗಸರ ಕಾಲು ದಪ್ಪವಾದರೆ ಸಿಗುವ ಸಲಹೆ ಎರಡೇ. ‘ಅನ್ನ ಬಿಡು, ಮುದ್ದೆ ಉಣ್ಣು’ ಎನ್ನುವುದು ಒಂದು. ‘ಆನೆಕಾಲು ಇರಬೇಕು, ತೋರಿಸು’ ಎನ್ನುವುದು ಇನ್ನೊಂದು. ಇವೆರಡೂ ಅಲ್ಲದ ಮೂರನೆಯದೊಂದಿದೆ. ಅದರ ಹೆಸರು ಲಿಪಿಡೀಮಾ.

ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರಾದ ಅಲೆನ್ ಮತ್ತು ಹೈನ್ಸ್ 1940ರಲ್ಲೇ ಇದನ್ನು ವಿವರಿಸಿದ್ದರು. ಸೊಂಟದಿಂದ ಹರಡಿನವರೆಗೆ ಎರಡೂ ಕಾಲಲ್ಲಿ ಒಂದೇ ಸಮನಾಗಿ ಕೊಬ್ಬು ತುಂಬುತ್ತದೆ, ಪಾದ ಮಾತ್ರ ಮಾಮೂಲಿನಂತೆಯೇ ಇರುತ್ತದೆ. ಮುಟ್ಟಿದರೆ ನೋವು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುತ್ತದೆ. ಊಟ ಬಿಟ್ಟರೆ ಮುಖ, ಎದೆ ಸೊರಗುತ್ತವೆಯೇ ಹೊರತು ಕಾಲು ಹೆಚ್ಚು ಇಳಿಯುವುದಿಲ್ಲ. ಸಾಮಾನ್ಯವಾಗಿ ಮೈನೆರೆದಾಗ, ಬಸಿರಾದಾಗ ಅಥವಾ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಶುರುವಾಗುತ್ತದೆ. ಆನೆಕಾಲಾದರೆ ಸಾಮಾನ್ಯವಾಗಿ ಪಾದವೂ ಊದುತ್ತದೆ, ಒಂದು ಕಾಲಿಗಿಂತ ಇನ್ನೊಂದು ದಪ್ಪವಿರುತ್ತದೆ.

ಇದು ಮನೆತನದಲ್ಲಿ ಬರುವುದು ಹೆಚ್ಚು. 2020ರಲ್ಲಿ ಇಟಲಿಯ ಸಂಶೋಧಕರು ಒಂದು ಕುಟುಂಬದಲ್ಲಿ ಎಕೆಆರ್1ಸಿ1 ಎಂಬ ಜೀನಿನ ಬದಲಾವಣೆಯನ್ನು ಗುರುತಿಸಿದರು. ಹೆಣ್ಣಿನ ಹಾರ್ಮೋನಾದ ಪ್ರೊಜೆಸ್ಟರಾನನ್ನು ಒಡೆಯುವ ಕೆಲಸ ಆ ಜೀನಿನದು. ಎಲ್ಲರ ಕಾಯಿಲೆಗೂ ಅದೇ ಕಾರಣವೆಂದಲ್ಲ. ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಹಾಗಾಗಿ ವೈದ್ಯರ ಕಣ್ಣು, ಕೈ ಮತ್ತು ಮನೆಯವರು ಹೇಳುವ ಮಾತೇ ಆಧಾರ.

ಇಲ್ಲೇ ನಾವು ಎಡವುತ್ತಿದ್ದೇವೆ. ‘ಅವರ ವಂಶವೇ ಹಂಗೆ’ ಎಂದು ಜಗಲಿಯಲ್ಲಿ ಆಡಿ ಸುಮ್ಮನಾಗುತ್ತೇವೆ. ವೈದ್ಯರಿಗೆ ಬೇಕಾದ ಸುಳಿವು ಅದೇ. ಅಮ್ಮ, ಅಜ್ಜಿಯ ಕಾಲಿನ ಜೊತೆಗೆ ಸೋದರತ್ತೆಯ ಕಾಲೂ ನೆನಪಾಗಲಿ. ಬಾಗೂರು–ನವಿಲೆ ಸುರಂಗದಲ್ಲಿ ಹೇಮಾವತಿ ನೀರು ಕಾಣದೆ ಹರಿದು ಆಚೆ ಬರುವಂತೆ, ಈ ಗುಣ ತಂದೆಯಲ್ಲಿ ಕಾಣಿಸದೆ ಮಗಳಿಗೆ ಬರಬಹುದು.

ಪೂರ್ತಿ ವಾಸಿಮಾಡುವ ಮದ್ದಿಲ್ಲ, ನಿಜ. ಆದರೆ ಒತ್ತುಪಟ್ಟಿಯ ಕಾಲುಚೀಲ, ನಡಿಗೆ, ಈಜಿನಂಥ ವ್ಯಾಯಾಮದಿಂದ ನೋವು ತಗ್ಗಿಸಬಹುದು. ಕೆಲವರಿಗೆ ಕೊಬ್ಬು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ.

ನಮ್ಮ ಒತ್ತಾಯ ದೊಡ್ಡದೇನಲ್ಲ. ಆಶಾ ಕಾರ್ಯಕರ್ತೆಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮೂರು ಪ್ರಶ್ನೆ ಕಲಿಸಿ: ಪಾದ ಊದಿದೆಯೇ? ಮುಟ್ಟಿದರೆ ನೋವೇ? ಮನೆಯಲ್ಲಿ ಬೇರೆ ಯಾರಿಗಿದೆ? ಇವನ್ನು ಕೇಳದೆ ಒಬ್ಬ ಹೆಂಗಸಿಗೆ ‘ತಿನ್ನೋದು ಕಮ್ಮಿ ಮಾಡು’ ಎನ್ನುವುದು ವೈದ್ಯವಲ್ಲ, ಬೈಗುಳ.